ಒಂದು ಖೋಲಿಯ ಲೆಕ್ಕ: ಮುಂಬೈಯ ಇಕ್ಕಟ್ಟಿನ ಚರಿತ್ರೆ

ಮುಂಬೈಯ ಇಕ್ಕಟ್ಟಿನ ಮಾತು ಬಂದಾಗ ಎರಡು ಉತ್ತರಗಳನ್ನು ನೀವೂ ಕೇಳಿರುತ್ತೀರಿ. ‘ಆ ಜನಕ್ಕೆ ಮಕ್ಕಳು ಜಾಸ್ತಿ’ ಅನ್ನುವುದು ಒಂದು. ‘ಹೊರಗಿನವರು ಬಂದು ತುಂಬಿಕೊಂಡರು’ ಅನ್ನುವುದು ಇನ್ನೊಂದು. ಉರ್ದು ಮಾತಾಡುವವರಿಗೆ ಮೊದಲನೆಯದು, ಕನ್ನಡ ಮಾತಾಡುವವರಿಗೆ ಎರಡನೆಯದು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಅಂತ ಬೆಳೆದ ನನ್ನಂಥವರಿಗೆ ಎರಡೂ ಸಿಗುತ್ತವೆ. ಬೇಜಾರು ಮಾಡಿಕೊಂಡು ಸುಮ್ಮನಾಗುವ ಬದಲು ಹಳೇ ಲೆಕ್ಕ ಏನು ಹೇಳುತ್ತದೆ ನೋಡೋಣ. ಈ ಊರಿನ ಇಕ್ಕಟ್ಟು ಎಂದು ಶುರುವಾಯಿತು ಅಂತ ತಾರೀಖು ಹಾಕುವುದು ಕಷ್ಟ. ಆದರೆ ಅದು ಸರ್ಕಾರದ ಕಣ್ಣಿಗೆ ಬಲವಾಗಿ ಬಿದ್ದ ಕಾಲ ಮಾತ್ರ ಗೊತ್ತಿದೆ: 1896ರ ಸೆಪ್ಟೆಂಬರ್.

ಬಂದರಿನ ಪಕ್ಕದ ಮಾಂಡವಿ ಮೊಹಲ್ಲಾದಲ್ಲಿ ಧಾನ್ಯದ ಗೋದಾಮುಗಳಿದ್ದವು. ಕೆಳಗೆ ಮೂಟೆ, ಮೇಲೆ ಮನುಷ್ಯರು. ಅಲ್ಲಿ ಒಂದು ವಿಚಿತ್ರ ಜ್ವರದ ರೋಗಿಗಳನ್ನು ನೋಡಿದ ಗೋವಾ ಮೂಲದ ಡಾಕ್ಟರ್ ಅಕಾಸಿಯೊ ಗೇಬ್ರಿಯಲ್ ವಿಯೆಗಾಸ್, ಇದು ಪ್ಲೇಗು ಅಂತ ಮೊದಲು ಗುರುತಿಸಿದರು. 1891ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 8 ಲಕ್ಷ 21 ಸಾವಿರ ಇತ್ತು. 1897ರ ಮೊದಲ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಅರ್ಧ ಊರೇ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಯಿತು. ರೈಲಿನ ಜೊತೆ ರೋಗವೂ ಹೊರಟಿತು. 1898ರ ಹೊತ್ತಿಗೆ ನಮ್ಮ ಹುಬ್ಬಳ್ಳಿ–ಧಾರವಾಡ, ಬೆಂಗಳೂರುಗಳಲ್ಲೂ ಹೆಣ ಬೀಳುತ್ತಿದ್ದವು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು, ಸ್ವಲ್ಪ ತಡವಾಗಿ ಫ್ರೇಜರ್ ಟೌನ್, ಇವೆಲ್ಲ ಆ ಪ್ಲೇಗಿನ ಭಯದ ಜೊತೆಗೇ ಬೆಳೆದವು.

ಇಷ್ಟು ಜನ ಯಾಕೆ ಒತ್ತಿಕೊಂಡು ಬದುಕುತ್ತಿದ್ದರು? ಉತ್ತರ ಗಿರಣಿಯ ಗೇಟಿನಲ್ಲಿದೆ. 1850ರ ದಶಕದಲ್ಲಿ ಒಂದರಿಂದ ಶುರುವಾದ ಬಟ್ಟೆ ಗಿರಣಿಗಳು ಪ್ಲೇಗಿನ ಹೊತ್ತಿಗೆ ಎಪ್ಪತ್ತರ ಹತ್ತಿರ ಬಂದಿದ್ದವು. ಕೊಂಕಣ, ಘಟ್ಟದ ಮೇಲಿನ ಬರದ ತಾಲೂಕುಗಳು, ಉತ್ತರ ಹಿಂದೂಸ್ತಾನ, ಎಲ್ಲ ಕಡೆಯಿಂದ ಜನ ಬಂದರು. ಆದರೆ ಕೆಲಸ ಖಾಯಂ ಅಲ್ಲ. ಬಹಳ ಜನ ‘ಬದಲಿ’ಗಳು. ಬೆಳಗಾತ ಗೇಟಿನ ಮುಂದೆ ನಿಂತು, ಮುಕಾದಮನ ಕಣ್ಣಿಗೆ ಬಿದ್ದರೆ ಆ ದಿನದ ಕೂಲಿ, ಇಲ್ಲದಿದ್ದರೆ ಇಲ್ಲ. ಹೀಗಿರುವವನು ಐದು ಮೈಲಿ ಆಚೆ ಗಾಳಿ ಬೆಳಕಿನ ಮನೆ ಮಾಡಲು ಸಾಧ್ಯವೇ? ಗೇಟಿಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಸಾಲ ಕೊಡುವ ಕಿರಾಣಿ ಅಂಗಡಿಯವನೂ ಅದೇ ಗಲ್ಲಿಯವನು, ಕೆಲಸದ ಸುದ್ದಿ ಹೇಳುವ ಊರಿನವನೂ ಅದೇ ಚಾಳಿನವನು. ಹಾಗಾಗಿ ಎಂಟು, ಹತ್ತು ಗಂಡಸರು ಸೇರಿ ಒಂದು ಖೋಲಿ ಹಿಡಿಯುತ್ತಿದ್ದರು. ಹಗಲು ಪಾಳಿಯವರು ರಾತ್ರಿ ಮಲಗಿದರೆ, ರಾತ್ರಿ ಪಾಳಿಯವರು ಹಗಲು. ಹಾಸಿಗೆ ತಣ್ಣಗಾಗಲು ಪುರುಸೊತ್ತಿಲ್ಲ. ಗೋವಾದ ಕ್ರಿಶ್ಚಿಯನ್ನರು ಊರಿಗೊಂದು ‘ಕೂಡ್’ ಮಾಡಿಕೊಂಡರು, ಕೊಂಕಣಿ ಮುಸಲ್ಮಾನರು ಊರಿನ ಜಮಾತಿನ ಹೆಸರಲ್ಲಿ ಖೋಲಿ ಹಿಡಿದರು. ನಮ್ಮ ಕರಾವಳಿಯ ಹುಡುಗರಂತೂ ದುಡಿದ ಹೋಟೆಲಿನಲ್ಲೇ ಮೇಜು ಒರೆಸಿ ಅಲ್ಲೇ ಮಲಗಿದರು, ಸಂಜೆ ಬಿಡುವಾದವರು ಕನ್ನಡ ರಾತ್ರಿ ಶಾಲೆಗೆ ಹೋದರು. ಇದು ಮಕ್ಕಳು ಜಾಸ್ತಿಯಾಗಿ ಆದ ಇಕ್ಕಟ್ಟಲ್ಲ ಅನ್ನುವುದನ್ನು ಗಮನಿಸಿ. ಮೊದಮೊದಲ ಖೋಲಿಗಳಲ್ಲಿ ಮಕ್ಕಳೇ ಕಡಿಮೆ. ಹೆಂಡತಿ ಮಕ್ಕಳು ಊರಿನಲ್ಲಿ, ದುಡಿಯುವ ಗಂಡಸು ಇಲ್ಲಿ.

ಪ್ಲೇಗು ಬಂದಾಗ ಸರ್ಕಾರ ನೋಡಿದ್ದು ಈ ಕೂಲಿಯ ಲೆಕ್ಕವನ್ನಲ್ಲ, ಖೋಲಿಯ ಕೊಳಕನ್ನು. ಇಲಿಯ ಮೈಮೇಲಿನ ಚಿಗಟ ರೋಗ ಹರಡುತ್ತದೆ ಅಂತ ಪಾಲ್ ಲೂಯಿ ಸಿಮೊಂಡ್ ಕಂಡುಕೊಂಡಿದ್ದು 1898ರಲ್ಲಿ. ಅದನ್ನು ಎಲ್ಲರೂ ಒಪ್ಪಿಕೊಳ್ಳಲು ಇನ್ನೂ ವರ್ಷಗಳು ಹಿಡಿದವು. ಅಲ್ಲಿಯವರೆಗೆ ಮೋರಿಗಳಿಗೆ ಔಷಧಿ ನೀರು ಬಿಟ್ಟರು, ಗೋಡೆಗೆ ಸುಣ್ಣ ಹೊಡೆದರು, ಬಿಸಿಲು ಬೀಳಲಿ ಅಂತ ಮಾಡಿನ ಹೆಂಚು ಕಿತ್ತರು. ‘ಮನುಷ್ಯವಾಸಕ್ಕೆ ಯೋಗ್ಯವಲ್ಲ’ ಎಂಬ ಮಾತಿನ ಮೂರು ಇಂಗ್ಲಿಷ್ ಅಕ್ಷರ, ಯು.ಎಚ್.ಎಚ್., ಬಾಗಿಲ ಮೇಲೆ ಬರೆದು ಹೋದರು. ಅಕ್ಷರ ಬಿದ್ದ ಮನೆಯ ಜನ ಎಲ್ಲಿಗೆ ಹೋಗಬೇಕು ಅಂತ ಮಾತ್ರ ಬಾಗಿಲ ಮೇಲೆ ಬರೆದಿರಲಿಲ್ಲ.

1898ರ ಮಾರ್ಚ್ 9ರಂದು ಮದನ್‌ಪುರಾ ಭಾಗದಲ್ಲಿ ಒಂದು ಗಲಾಟೆ ಆಯಿತು. ಅಲ್ಲಿದ್ದವರು ಉತ್ತರ ಹಿಂದೂಸ್ತಾನದಿಂದ ಬಂದ ಜುಲಾಹಾ ನೇಕಾರರು, ಅಂದರೆ ಇಂದಿನ ಅನ್ಸಾರಿ–ಮೋಮಿನ್ ಬಿರಾದರಿಯ ಹಿರಿಯರು. ಪ್ಲೇಗು ತಪಾಸಣೆಯವರು ಒಂದು ಮುಸ್ಲಿಂ ಮನೆಯ ರೋಗಿಯನ್ನು ಆಸ್ಪತ್ರೆಗೆ ಒಯ್ಯಲು ಬಂದಾಗ ಜನ ತಡೆದರು. ಗೋಲಿಬಾರ್ ಆಯಿತು, ಎರಡೂ ಕಡೆ ಜೀವ ಹೋದವು. ಆಗಿನ ಇಂಗ್ಲಿಷ್ ಅಧಿಕಾರಿಗಳಿಗೆ ಇದು ಧರ್ಮಾಂಧರ ದಂಗೆ. ಪರ್ದಾದ ಪ್ರಶ್ನೆ ಇತ್ತು ನಿಜ. ಆದರೆ ಅದಕ್ಕೂ ಸುಮಾರು ಒಂದೂವರೆ ವರ್ಷ ಮೊದಲು, 1896ರ ಅಕ್ಟೋಬರಿನಲ್ಲಿ, ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಬಿದ್ದವರು ಗಿರಣಿ ಕೂಲಿಗಳು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸಿದವರು ಚಾಪೇಕರ್ ಸೋದರರು. ಹೇಳದೆ ಕೇಳದೆ ಒಳಮನೆಗೆ ನುಗ್ಗಿ, ಹಾಸಿಗೆ ಪಾತ್ರೆ ಹೊರಗೆ ಎಸೆದು, ಕಾಯಿಲೆಯವರನ್ನು ಹೊತ್ತೊಯ್ದರೆ ಯಾವ ಬಿರಾದರಿಗೂ ಸಿಟ್ಟು ಬರುತ್ತದೆ. ಇದನ್ನು ನಮ್ಮವರ ಶೌರ್ಯದ ಕಥೆಯಾಗಿ ಹೇಳುವುದೂ ನನಗೆ ಇಷ್ಟವಿಲ್ಲ. ಬಡವರ ಮನೆ ಅಂದರೆ ಬಾಗಿಲಿಲ್ಲದ ಮನೆ ಅಂತ ಸರ್ಕಾರ ತಿಳಿದಿತ್ತು, ಅಷ್ಟೇ. ಗಲಾಟೆಯ ನಂತರ ಬಲವಂತವನ್ನು ಸಡಿಲ ಮಾಡಿದರು.

ಅದೇ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಹೆಸರೇ ಸುಧಾರಣೆಯದು. ಇಕ್ಕಟ್ಟಾದ ಮೊಹಲ್ಲಾ ಒಡೆಯುವುದು, ಅಗಲ ರಸ್ತೆ ಹಾಕುವುದು, ಹೊಸ ಚಾಳು ಕಟ್ಟುವುದು ಅದರ ಕೆಲಸ. ಮೊದಲನೇ ನಂಬರಿನ ಯೋಜನೆ ನಾಗಪಾಡಾ. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡುಗಳನ್ನು ಪಡುವಣ ಸಮುದ್ರದಿಂದ ಒಳಕ್ಕೆ ಎಳೆದಿದ್ದು ಸಮುದ್ರದ ಗಾಳಿ ಊರೊಳಗೆ ಬರಲಿ ಎಂದು. ಗಾಳಿ ಬಂತು. ಆದರೆ ಮೊದಲ ವರ್ಷಗಳಲ್ಲಿ ಟ್ರಸ್ಟ್ ಒಡೆದ ಖೋಲಿಗಳೇ ಹೆಚ್ಚು, ಕಟ್ಟಿದ್ದು ಕಡಿಮೆ. ಒಡೆದ ಮನೆಯವರು ಊರು ಬಿಡಲಿಲ್ಲ, ಬಿಡುವ ಹಾಗೂ ಇರಲಿಲ್ಲ. ಪಕ್ಕದ ಗಲ್ಲಿಯ ಚಾಳಿಗೆ ನುಗ್ಗಿದರು. ಪಕ್ಕದ ಗಲ್ಲಿಯ ಬಾಡಿಗೆ ಏರಿತು, ಬಾಡಿಗೆ ತೂಗಿಸಲು ಇನ್ನೂ ಇಬ್ಬರು ಒಳಬಂದರು. 1911ರ ಜನಗಣತಿಯ ಹೊತ್ತಿಗೆ ಊರಿನ ನೂರಕ್ಕೆ ಸುಮಾರು ಎಪ್ಪತ್ತು ಜನ ಒಂದೇ ಖೋಲಿಯ ಮನೆಗಳಲ್ಲಿದ್ದರು. ಒಂದು ಇಕ್ಕಟ್ಟನ್ನು ಗುಡಿಸಿ ಇನ್ನೊಂದರ ಮೇಲೆ ಹಾಕಿದ ಹಾಗಾಯಿತು.

ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ಇಂಥದ್ದೇ ಒಂದು ಖೋಲಿಯಲ್ಲಿ ಡಾ. ಬಾಬಾಸಾಹೇಬ್ ಅಂಬೇಡ್ಕರರು ಓದಿದರು. ಪರೇಲಿನ ಚಾಳಿನಲ್ಲಿ ಇಡೀ ಸಂಸಾರಕ್ಕೆ ಒಂದೇ ಕೋಣೆ. ಅದೇ ಅಡುಗೆಮನೆ, ಅದೇ ಮಲಗುವ ಮನೆ. ಹುಡುಗ ಬೇಗ ಮಲಗಬೇಕು, ತಂದೆ ರಾಮಜಿಯವರು ಎಚ್ಚರವಿದ್ದು ರಾತ್ರಿ ಎರಡರ ಹೊತ್ತಿಗೆ ಎಬ್ಬಿಸಬೇಕು, ಆಮೇಲೆ ಓದು. ಊರು ಮಲಗಿದ ಮೇಲೆಯೇ ಖೋಲಿಯಲ್ಲಿ ಮೌನ ಸಿಗುತ್ತಿದ್ದದ್ದು. ಮುಂದೆ 1912ರಿಂದ 1934ರವರೆಗೆ ಅವರ ಕುಟುಂಬ ಇದ್ದದ್ದು ಪರೇಲಿನ ಬಿ.ಐ.ಟಿ. ಚಾಳಿನಲ್ಲಿ. ಬಿ.ಐ.ಟಿ. ಅಂದರೆ ಇದೇ ಟ್ರಸ್ಟ್. ಟ್ರಸ್ಟ್ ಒಳ್ಳೆಯದನ್ನೇ ಮಾಡಲಿಲ್ಲ ಅಂತ ನಾನು ಹೇಳುತ್ತಿಲ್ಲ. ಅದು ಕಟ್ಟಿದ ಚಾಳುಗಳು ಗಟ್ಟಿ ಚಾಳುಗಳೇ.

ಪರೀಕ್ಷೆಗೆ ಬರಬೇಕಾದ ಪ್ರಶ್ನೆ ಇರುವುದು ಮುಂದಿನ ಅಧ್ಯಾಯದಲ್ಲಿ. ಮೊದಲ ಮಹಾಯುದ್ಧ ಮುಗಿದು ಗಿರಣಿಗಳಿಗೆ ಭರ್ಜರಿ ಲಾಭ ಬಂದ ಕಾಲ. ಗವರ್ನರ್ ಜಾರ್ಜ್ ಲಾಯ್ಡ್ 1920ರಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಅಂತ ಹೊಸ ಇಲಾಖೆ ಮಾಡಿದರು. ಊರಿಗೆ ಬರುವ ಹತ್ತಿಯ ಪ್ರತಿ ಬೇಲಿಗೆ ಒಂದು ರೂಪಾಯಿ ಸುಂಕ, ಆ ದುಡ್ಡಿನ ಬಲದಲ್ಲಿ ಕಾರ್ಮಿಕರಿಗೆ 50,000 ಖೋಲಿ, ಇದು ಯೋಜನೆ. ಕೊನೆಗೆ ಎದ್ದದ್ದು 207 ಚಾಳು: ವರ್ಲಿಯಲ್ಲಿ 121, ನಾಯಗಾಂವದಲ್ಲಿ 42, ಡಿಲೈಲ್ ರೋಡಿನಲ್ಲಿ 32, ಶಿವಡಿಯಲ್ಲಿ 12. ಒಟ್ಟು 16,000ಕ್ಕೂ ಹೆಚ್ಚು ಖೋಲಿ, ಒಂದೊಂದು 160 ಚದರ ಅಡಿ. ಇವೇ ಬಿ.ಡಿ.ಡಿ. ಚಾಳುಗಳು.

ಈಗ ಯೋಚನೆ ಮಾಡಿ. ಒಂದೊಂದು ಖೋಲಿಯಲ್ಲಿ ಎಂಟು ಹತ್ತು ಜನ ಇರುವ ಊರು. 1921–22ರ ಹೊತ್ತಿನ ಸರ್ಕಾರಿ ವಿಚಾರಣೆಯಲ್ಲಿ ಕಾರ್ಮಿಕ ಕುಟುಂಬಗಳ ನೂರಕ್ಕೆ 97 ಒಂದೇ ಕೋಣೆಯಲ್ಲಿ ಇದ್ದವು. ಅಂಥ ಊರಿನಲ್ಲಿ ಸಾವಿರ ಸಾವಿರ ಹೊಸ ಖೋಲಿ ಸಿದ್ಧವಾದರೆ ಏನಾಗಬೇಕು? ಜನ ಮುಗಿಬೀಳಬೇಕು. ಆದದ್ದು ತಿರುಗುಮುರುಗು. ವರ್ಷಗಟ್ಟಲೆ ಸಾವಿರಾರು ಖೋಲಿಗಳು ಖಾಲಿ ಬಿದ್ದಿದ್ದವು! ಬಾಡಿಗೆ ಕೂಲಿಯವನ ಕೈಗೆ ಎಟುಕುತ್ತಿರಲಿಲ್ಲ. ವರ್ಲಿ ಆಗ ಗಿರಣಿಗಳಿಗೆ ದೂರ, ಸುತ್ತ ಅಂಗಡಿ ಬಜಾರು ಇಲ್ಲ. ಕಾಂಕ್ರೀಟಿನ ಗೂಡು ಬೇರೆ. ಸತ್ಯಾಗ್ರಹದ ಕಾಲದಲ್ಲಿ ವರ್ಲಿಯ ಈ ಚಾಳುಗಳನ್ನು ಜೈಲಾಗಿ ಬಳಸಿದರು ಅಂದರೆ ನೀವೇ ಲೆಕ್ಕ ಹಾಕಿ.

ನನ್ನ ಮಟ್ಟಿಗೆ ಇಡೀ ಚರಿತ್ರೆಯ ಬೀಗದ ಕೈ ಇಲ್ಲೇ ಇದೆ. ಇಕ್ಕಟ್ಟು ಇದ್ದದ್ದು ಜಾಗ ಇಲ್ಲದ್ದಕ್ಕಲ್ಲ. ಕೂಲಿ ಸಾಲದ್ದಕ್ಕೆ. ಜನ ಜಾಸ್ತಿಯಾಗಿ ಇಕ್ಕಟ್ಟಾಗಿದ್ದರೆ ಆ ಖೋಲಿಗಳು ಒಂದೇ ವಾರದಲ್ಲಿ ತುಂಬಬೇಕಿತ್ತು. ಬಡವನಿಗೆ ಬಾಡಿಗೆಯನ್ನು ಹಂಚಿಕೊಳ್ಳುವುದಕ್ಕೆ ಇದ್ದ ಒಂದೇ ಉಪಾಯ, ಖೋಲಿಯನ್ನು ಹಂಚಿಕೊಳ್ಳುವುದು.

ಬೆಲೆ ತೆತ್ತವರು ಹಸುಗೂಸುಗಳು. 1921ರಲ್ಲಿ ಮುಂಬೈಯಲ್ಲಿ ನೋಂದಣಿಯಾದ ಪ್ರತಿ 1000 ಜನನಕ್ಕೆ 660ಕ್ಕೂ ಹೆಚ್ಚು ಶಿಶು ಮರಣ ದಾಖಲಾಗಿದೆ. ಅಂಕಿ ನೋಡಿ ಗಾಬರಿಯಾಗುವ ಮೊದಲು ಒಂದು ಮಾತು. ಅನೇಕ ಬಾಣಂತಿಯರು ಹೆರಿಗೆಗೆ ಊರಿಗೆ ಹೋಗಿ ಮಗುವಿನೊಂದಿಗೆ ವಾಪಸ್ ಬರುತ್ತಿದ್ದರು, ಇಲ್ಲಿಯ ಎಷ್ಟೋ ಜನನಗಳು ಬರೆಸಿರಲೂ ಇಲ್ಲ. ಹಾಗಾಗಿ ಅಂಕಿ ಸ್ವಲ್ಪ ಉಬ್ಬಿದೆ. ಉಬ್ಬಿದ್ದನ್ನು ಕಳೆದರೂ ಉಳಿಯುವುದು ಭಯಂಕರವೇ. ಒಂದು ಖೋಲಿಯ ಮನೆಗಳಲ್ಲಿ ಮರಣ ಎಲ್ಲಕ್ಕಿಂತ ಹೆಚ್ಚು, ಖೋಲಿ ಹೆಚ್ಚಿದ ಹಾಗೆ ಮರಣ ಕಡಿಮೆ. ಈ ಮಾತಿನಲ್ಲಿ ಆಗಿನ ದಾಖಲೆಗಳಿಗೆ ಅನುಮಾನವಿಲ್ಲ.

ಸ್ವಾತಂತ್ರ್ಯ ಬಂದ ವರ್ಷವೇ ಬಾಡಿಗೆ ನಿಯಂತ್ರಣ ಕಾಯಿದೆಯೂ ಬಂತು. 1940ರ ಬಾಡಿಗೆಯನ್ನೇ ಅಳತೆ ಮಾಡಿದರು. ಹಳೇ ಬಾಡಿಗೆದಾರರು ಉಳಿದುಕೊಂಡರು, ಅದು ಸಣ್ಣ ಮಾತಲ್ಲ. ಆದರೆ ಮಾಲೀಕರು ರಿಪೇರಿ ಬಿಟ್ಟರು, ಹೊಸ ಚಾಳು ಕಟ್ಟುವುದನ್ನೂ ಬಿಟ್ಟರು, ಖೋಲಿ ಕೈ ಬದಲಾಗಬೇಕಾದರೆ ಪಗಡಿ ಅಂತ ದೊಡ್ಡ ಗಂಟು ಬೇಕಾಯಿತು. ಪಗಡಿ ಇಲ್ಲದವರು ಖಾಡಿಯ ಪಕ್ಕ, ರೈಲು ಹಳಿಯ ಪಕ್ಕ, ಫುಟ್‌ಪಾತಿನ ಮೇಲೆ ತಗಡು ನಿಲ್ಲಿಸಿದರು. ಜೋಪಡಪಟ್ಟಿ ಅನ್ನುವ ಶಬ್ದ ಎಲ್ಲರ ಬಾಯಿಗೆ ಬಂತು.

ಇಲ್ಲಿ ನಮ್ಮ ಕಡೆಯ ಒಬ್ಬರನ್ನು ನೆನೆಯಬೇಕು. ಕೋಲಾರದ ಚಿನ್ನದ ಗಣಿಯಲ್ಲಿ, ಅಂದರೆ ಕೆ.ಜಿ.ಎಫ್.ನಲ್ಲಿ ಹುಟ್ಟಿದ ಜೋಕಿನ್ ಅರ್ಪುತಮ್, 1963ರಲ್ಲಿ ಹದಿಹರೆಯದ ಹುಡುಗನಾಗಿ ಮುಂಬೈಗೆ ಬಂದರು. ಮರಗೆಲಸ ಮಾಡಿಕೊಂಡು ಮಾನ್‌ಖುರ್ದ್ ಕಡೆಯ ಜನತಾ ಕಾಲನಿಯಲ್ಲಿ ನೆಲೆಸಿದರು. ಈ ಕಾಲನಿ ಹುಟ್ಟಿದ್ದೇ ಊರೊಳಗಿನ ಬಡವರನ್ನು ಎಬ್ಬಿಸಿ ನಗರಪಾಲಿಕೆ ಆ ಜೌಗು ನೆಲದಲ್ಲಿ ತಂದು ಹಾಕಿದಾಗ. ಕಸ ಎತ್ತುವವರು ಬರುತ್ತಿರಲಿಲ್ಲ. ಜೋಕಿನ್ ಮಕ್ಕಳ ಕೈಯಲ್ಲಿ ಒಂದೊಂದು ಕಸದ ಪೊಟ್ಟಣ ಕೊಟ್ಟು, ಮೆರವಣಿಗೆ ಮಾಡಿಸಿ, ಪಾಲಿಕೆ ಕಚೇರಿಯ ಮುಂದೆ ಹಾಕಿಸಿದರು. ಕಸದ ವ್ಯವಸ್ಥೆ ಆಯಿತು! ಮಕ್ಕಳಿಗೆ ಪೌರನೀತಿ ಪಾಠ ಮಾಡುವಾಗ ನಾನು ಈ ಕಥೆಯನ್ನೇ ಹೇಳುವುದು.

ಜನ ಮಣ್ಣು ತುಂಬಿ, ನಲ್ಲಿ ತರಿಸಿ, ಮಸೀದಿ ಮಂದಿರ ಇಗರ್ಜಿ ಕಟ್ಟಿಕೊಂಡು ಜೌಗನ್ನು ಊರು ಮಾಡಿದ ಮೇಲೆ, ಆ ಜಾಗ ಪಕ್ಕದ ಅಣುಶಕ್ತಿ ಸಂಸ್ಥೆಗೆ ಬೇಕಾಯಿತು. ಕೋರ್ಟು ಕಚೇರಿ ವರ್ಷಗಟ್ಟಲೆ ನಡೆಯಿತು. ತುರ್ತು ಪರಿಸ್ಥಿತಿ ಬಂತು. 1976ರ ಮೇ ತಿಂಗಳಲ್ಲಿ ಸುಮಾರು 70,000 ಜನರ ಕಾಲನಿಯನ್ನು ನೆಲಸಮ ಮಾಡಿ, ಜನರನ್ನು ಟ್ರಾಂಬೆಯ ಇನ್ನೊಂದು ಜೌಗಿಗೆ ಸಾಗಿಸಿದರು. ಅದೇ ಚೀತಾ ಕ್ಯಾಂಪ್. ಒಮ್ಮೆ ಎಬ್ಬಿಸಿ ತಂದವರನ್ನೇ ಎರಡನೇ ಸಲ ಎಬ್ಬಿಸಿದ್ದು! ಅದೇ ವರ್ಷದ ಜನವರಿಯಲ್ಲಿ ನಗರದ ಜೋಪಡಿಗಳನ್ನೆಲ್ಲ ಎಣಿಸಿ ಫೋಟೋಪಾಸ್ ಕೊಟ್ಟಿದ್ದರು ಅನ್ನುವುದು ಇನ್ನೊಂದು ವಿಪರ್ಯಾಸ. ಜೋಕಿನ್ ಅವರಿಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಬಂತು. 2018ರಲ್ಲಿ ತೀರಿಕೊಂಡರು. ನಮ್ಮ ಕನ್ನಡ ಪಠ್ಯಪುಸ್ತಕದಲ್ಲಿ ಅವರ ಮೇಲೊಂದು ಪಾಠ ಇದ್ದರೆ ಚೆನ್ನಾಗಿತ್ತು.

ಫುಟ್‌ಪಾತಿನವರ ಸರದಿ 1981ರಲ್ಲಿ ಬಂತು. ಮಳೆಗಾಲದಲ್ಲೇ, ಜುಲೈಯಲ್ಲಿ, ಮುಖ್ಯಮಂತ್ರಿ ಎ.ಆರ್. ಅಂತುಳೆ ಅವರನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಕಳಿಸುವುದಾಗಿ ಘೋಷಿಸಿದರು. ಅಂತುಳೆಯವರು ಮುಸಲ್ಮಾನರು. ಎಬ್ಬಿಸುವ ಮನಸ್ಸಿಗೆ ಜಾತಿ ಧರ್ಮದ ಭೇದ ಇಲ್ಲ ಅನ್ನುವುದನ್ನೂ ನಾವು ಬರೆದುಕೊಳ್ಳಬೇಕು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮುಂತಾದವರು ಸುಪ್ರೀಂ ಕೋರ್ಟಿಗೆ ಹೋದರು. 1985ರ ತೀರ್ಪು ಕಾನೂನು ಓದುವವರಿಗೆಲ್ಲ ಗೊತ್ತು: ಬದುಕುವ ಹಕ್ಕಿನೊಳಗೆ ದುಡಿದು ತಿನ್ನುವ ಹಕ್ಕೂ ಸೇರಿದೆ, ಕೆಲಸ ಇರುವಲ್ಲಿ ಇರದಿದ್ದರೆ ಇವರು ಬದುಕುವುದು ಹೇಗೆ ಎಂಬುದನ್ನು ಕೋರ್ಟು ಒಪ್ಪಿತು. ಗಿರಣಿಯ ಗೇಟಿನ ಲೆಕ್ಕವನ್ನು ಕಡೆಗೂ ಒಂದು ನ್ಯಾಯಪೀಠ ಓದಿತು ಅನ್ನಿ. ಆದರೆ ನೋಟಿಸು ಕೊಟ್ಟು ಎಬ್ಬಿಸಬಹುದು ಅಂತಲೂ ಹೇಳಿತು. ಅದೇ ದಿನಗಳಲ್ಲಿ ಭಾಯ್‌ಖಳಾದ ಫುಟ್‌ಪಾತಿನ ಹೆಂಗಸರು, ಬಹುಪಾಲು ನಮ್ಮ ಮುಸ್ಲಿಂ ತಾಯಂದಿರೇ, ‘ಮಹಿಳಾ ಮಿಲನ್’ ಕಟ್ಟಿಕೊಂಡರು. ದಿನಕ್ಕಿಷ್ಟು ಚಿಲ್ಲರೆ ಕೂಡಿಡುವುದರಿಂದ ಶುರು ಮಾಡಿದರು.

1995ರಿಂದ ನಡೆಯುತ್ತಿರುವುದು ಎಸ್‌ಆರ್‌ಎ ಯೋಜನೆ. ಜೋಪಡಿಯವರಿಗೆ ಅದೇ ಜಾಗದಲ್ಲಿ ಪುಕ್ಕಟೆ ಫ್ಲ್ಯಾಟು, ಉಳಿದ ಜಾಗದಲ್ಲಿ ಬಿಲ್ಡರ್ ಕಟ್ಟಿ ಮಾರುವ ಕಟ್ಟಡ. 225 ಚದರ ಅಡಿಯಿಂದ ಶುರುವಾಗಿ 269, ಈಗ 300 ಆಗಿದೆ. ಸ್ವಂತ ಸಂಡಾಸು ಮನೆಯೊಳಗೇ ಬಂತಲ್ಲ, ಹೆಣ್ಣುಮಕ್ಕಳಿಗೆ ಅದರ ಬೆಲೆ ಗೊತ್ತು. ಆದರೆ ಮಾರುವ ಜಾಗ ಹೆಚ್ಚಲಿ ಎಂದು ಬಡವರ ಕಟ್ಟಡಗಳನ್ನು ಒಂದರ ಮೈಗೆ ಒಂದು ತಾಗಿಸಿದ ಹಾಗೆ ನಿಲ್ಲಿಸಿದರು. ರಸ್ತೆ, ರೈಲು ಕಾಮಗಾರಿಗೆ ಮನೆ ಕಳೆದುಕೊಂಡವರಿಗೆ ಕಟ್ಟಿದ ಕಾಲನಿಗಳದ್ದೂ ಇದೇ ಕಥೆ. ಮಾನ್‌ಖುರ್ದ್–ಗೋವಂಡಿಯ ಲಲ್ಲೂಭಾಯಿ ಕಾಂಪೌಂಡ್, ನಟವರ್ ಪಾರೇಖ್ ಕಾಂಪೌಂಡ್‌ನಂಥ ಕಾಲನಿಗಳಲ್ಲಿ ಡಾಕ್ಟರ್ಸ್ ಫಾರ್ ಯು ಸಂಸ್ಥೆ ಮಾಡಿದ ಅಧ್ಯಯನ 2018ರಲ್ಲಿ ಹೊರಬಂತು. ಬಿಸಿಲು ಗಾಳಿ ತಲುಪದ ಕೆಳ ಮಹಡಿಗಳಲ್ಲಿ ಕ್ಷಯರೋಗ ಹೆಚ್ಚು ಎಂದು ಅದು ತೋರಿಸಿತು. ಪ್ಲೇಗಿನ ಕಾಲದಲ್ಲಿ ಗಾಳಿ ಬರಲಿ ಅಂತ ಮೊಹಲ್ಲಾ ಒಡೆದ ಊರು ಇದು! ಆ ಊರೇ ನೂರು ವರ್ಷದ ಮೇಲೆ ಸರ್ಕಾರಿ ನಕ್ಷೆ ಹಾಕಿ ಗಾಳಿಯಿಲ್ಲದ ಮಹಡಿ ಕಟ್ಟಿತು. 2009ರ ಮುಂಬೈ ಮಾನವ ಅಭಿವೃದ್ಧಿ ವರದಿಯಲ್ಲಿ ಈ ಎಂ-ಈಸ್ಟ್ ವಾರ್ಡು ನಗರದಲ್ಲೇ ಅತಿ ಕೆಳಗೆ. ಕೊರೊನಾ ಬಂದಾಗ 2020ರ ಜುಲೈಯಲ್ಲಿ ಮೂರು ವಾರ್ಡುಗಳಲ್ಲಿ ರಕ್ತ ಪರೀಕ್ಷೆ ಮಾಡಿದರು. ಜೋಪಡಪಟ್ಟಿಯವರಲ್ಲಿ ನೂರಕ್ಕೆ 57, ಉಳಿದವರಲ್ಲಿ 16 ಜನರಿಗೆ ಸೋಂಕು ಬಂದು ಹೋಗಿತ್ತು. ಎಷ್ಟೋ ಮನೆಗಳಿಗೆ ಒಂದೇ ಸಂಡಾಸಿರುವ ಗಲ್ಲಿಯಲ್ಲಿ ‘ದೂರ ನಿಲ್ಲಿ’ ಅಂದರೆ ಎಲ್ಲಿ ನಿಲ್ಲುವುದು?

ಈಗ ಧಾರಾವಿಯ ಸರದಿ. ಬಾಂದ್ರಾದ ಕಸಾಯಿಖಾನೆಯ ಚರ್ಮ ಹದ ಮಾಡಲು ಬಂದ ತಮಿಳು ಮುಸಲ್ಮಾನರು, ಸೌರಾಷ್ಟ್ರದ ಕುಂಬಾರರು, ಮೊದಲಿಂದಲೂ ಇದ್ದ ಕೋಳಿ ಮೀನುಗಾರರು, ಆಮೇಲೆ ಬಂದ ಜರಿ ಕೆಲಸದ ಬಿಹಾರಿ ಹುಡುಗರು, ಎಲ್ಲ ಸೇರಿ ಖಾಡಿ ತುಂಬಿ ಮಾಡಿದ ನೆಲ ಅದು. ಧಾರಾವಿಯಲ್ಲಿ ಮನೆ ಮತ್ತು ಕಾರ್ಖಾನೆ ಬೇರೆಬೇರೆ ಅಲ್ಲ. ಕೆಳಗೆ ಹೊಲಿಗೆ ಮಿಷನ್ನು, ಅಟ್ಟದ ಮೇಲೆ ಹಾಸಿಗೆ. 2022ರಲ್ಲಿ ಟೆಂಡರು ಆಗಿ ಪುನರ್ನಿರ್ಮಾಣ ಶುರುವಾಗಿದೆ. 2000ದ ಜನವರಿ 1ಕ್ಕೆ ಮೊದಲಿನ ಕೆಳಮನೆಯವರಿಗೆ ಧಾರಾವಿಯಲ್ಲೇ 350 ಚದರ ಅಡಿ. ಆಮೇಲೆ ಬಂದವರಿಗೆ, ಮಾಳಿಗೆಯವರಿಗೆ ಬೇರೆ ಕಡೆ. ಆ ಬೇರೆ ಕಡೆಯ ಪಟ್ಟಿಯಲ್ಲಿ ದೇವನಾರದ ಕಸದ ಗುಡ್ಡದ ಜಾಗವೂ ಇದೆ. ಮುಂಬೈಯ ಕಸ 1927ರಿಂದ ಬಂದು ಬೀಳುತ್ತಿರುವ ಜಾಗ ಅದು, ಅದೇ ಎಂ-ಈಸ್ಟ್ ವಾರ್ಡಿನಲ್ಲಿ.

ಇದಕ್ಕೆ ಹೋಲಿಸಿ ವರ್ಲಿಯ ಬಿ.ಡಿ.ಡಿ. ಚಾಳನ್ನು ನೋಡಿ. ಒಂದು ಕಾಲಕ್ಕೆ ಖಾಲಿ ಬಿದ್ದಿದ್ದ ಆ 160 ಅಡಿಯ ಖೋಲಿಗಳ ಬಾಡಿಗೆದಾರರಿಗೆ ಈಗ ಅದೇ ಜಾಗದಲ್ಲಿ 500 ಚದರ ಅಡಿಯ ಮನೆ. 2025ರ ಆಗಸ್ಟಿನಲ್ಲಿ ಮೊದಲ 556 ಕುಟುಂಬಗಳಿಗೆ ಬೀಗದ ಕೈ ಸಿಕ್ಕಿತು. ಅವರಿಗೆ ಸಿಕ್ಕಿದ್ದು ಬಹಳ ಒಳ್ಳೆಯದಾಯಿತು. ಅವರ ಹತ್ತಿರ ಬಾಡಿಗೆ ರಸೀದಿ ಇತ್ತು, ಹಳೇ ಸಂಘಟನೆ ಇತ್ತು. ಅಟ್ಟದ ಮೇಲೆ ಮಲಗುವ ಜರಿ ಕೆಲಸದ ಹುಡುಗನ ಹತ್ತಿರ ಎರಡೂ ಇಲ್ಲ.

ಹಾಗಾಗಿ ವಿದ್ಯಾರ್ಥಿಗಳಿಗೆ ನನ್ನದೊಂದು ಕೆಲಸ. ಮನೆಯ ಟ್ರಂಕು, ಪೆಟ್ಟಿಗೆ ತೆಗೆದು ನೋಡಿ. 1976ರ ಫೋಟೋಪಾಸ್, ಹಳೇ ರೇಷನ್ ಕಾರ್ಡು, ಬಾಡಿಗೆ ಚೀಟಿ, ಗಿರಣಿಯ ಹಾಜರಿ ಚೀಟಿ, ರಾತ್ರಿ ಶಾಲೆಯ ಸರ್ಟಿಫಿಕೇಟು, ಏನಿದ್ದರೂ ಫೋಟೋ ತೆಗೆದಿಡಿ. ಕಚೇರಿಗೂ ಬೇಕಾಗುತ್ತದೆ, ಚರಿತ್ರೆಗೂ ಬೇಕಾಗುತ್ತದೆ. ನಾನಾ–ನಾನಿ, ಅಜ್ಜ–ಅಜ್ಜಿ ಇದ್ದರೆ ಅವರ ಮೊದಲ ಖೋಲಿಯ ವಿಷಯ ಕೇಳಿ. ಯಾವ ಮೊಹಲ್ಲಾ, ಬಾಡಿಗೆ ಎಷ್ಟು, ಆಗ ಕೂಲಿ ಎಷ್ಟು, ಎಷ್ಟು ಜನ ಮಲಗುತ್ತಿದ್ದರು, ಯಾರು ಹೊರಗೆ ಗ್ಯಾಲರಿಯಲ್ಲಿ ಮಲಗುತ್ತಿದ್ದರು, ನೀರು ಎಷ್ಟು ಗಂಟೆಗೆ ಬರುತ್ತಿತ್ತು, ಯಾರು ಎಬ್ಬಿಸಿದರು, ಎಲ್ಲಿಗೆ ಕಳಿಸಿದರು. ಉರ್ದುವಿನಲ್ಲಿ ಹೇಳಿದರೆ ಉರ್ದುವಿನಲ್ಲೇ ಬರೆದುಕೊಳ್ಳಿ, ಕನ್ನಡಕ್ಕೆ ಆಮೇಲೆ ತರೋಣ. ಬಾಡಿಗೆ ಮತ್ತು ಕೂಲಿ ಎರಡನ್ನೂ ಮರೆಯದೆ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಬರೆಯಿರಿ.